ತಂತಿ ಹರಿದಾಗ ಸಿಗ್ನಲ್ ಏನು ಮಾಡ್ತೈತಿ?

ನಮ್ಮ ನಿಡಸೋಸಿಯಲ್ಲಿ ಟ್ರಾಫಿಕ್ ಸಿಗ್ನಲ್ ಇಲ್ಲ. ಸದ್ಯಕ್ಕೆ ಅದರ ಅಗತ್ಯವೂ ಇಲ್ಲ ಅನ್ನಿ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರು ಬಂದರೆ ಬೈಕಿನವರು ತಾವೇ ಬದಿಗೆ ಸರಿಯುತ್ತಾರೆ. ಹೀರಾಶುಗರ್ ಇಂಜಿನಿಯರಿಂಗ್ ಕಾಲೇಜು ಬಿಡುವ ಹೊತ್ತಿಗೆ ಹುಡುಗರ ಗುಂಪು ದಾಟುವ ತನಕ ಬಸ್ಸಿನ ಡ್ರೈವರ್ ತಾನೇ ಬ್ರೇಕ್ ಹಿಡಿಯುತ್ತಾನೆ. ಆದರೂ ಈ ಸಲದ ಅಂಕಣಕ್ಕೆ ಸಿಗ್ನಲ್ಲನ್ನೇ ಆರಿಸಿಕೊಂಡಿದ್ದೇನೆ. ಯಾಕಂದ್ರ, ಸಿಗ್ನಲ್ ನಮ್ಮೂರಿಗೆ ಬರದಿದ್ದರೂ ನಾವು ಸಿಗ್ನಲ್ ಇರುವ ಊರಿಗೆ ಹೋಗೇ ಹೋಗ್ತೀವಿ. ದೊಡ್ಡ ದವಾಖಾನೆ ಬೇಕಂದ್ರೆ ಬೆಳಗಾವಿ, ಮಕ್ಕಳ ನೌಕರಿ ಅಂದ್ರೆ ಬೆಂಗಳೂರು ಇಲ್ಲಾ ಪುಣೆ. ಚನ್ನಮ್ಮ ಸರ್ಕಲ್‌ನ ಕೆಂಪು ದೀಪಕ್ಕೆ ನಿಂತು ಗಡಿಯಾರ ನೋಡಿಕೊಳ್ಳದವರು ಹುಕ್ಕೇರಿ ತಾಲೂಕಿನಲ್ಲಿ ಯಾರಿದ್ದಾರೆ ಹೇಳ್ರಿ?

ಈಗ ದೊಡ್ಡ ಊರುಗಳ ಸಿಗ್ನಲ್‌ಗಳು ಒಂಟಿಯಾಗಿ ಕೆಲಸ ಮಾಡುವುದು ಕಡಿಮೆಯಾಗುತ್ತಿದೆ. ಅವೆಲ್ಲ ನೆಟ್‌ವರ್ಕ್ ಮೂಲಕ ಒಂದು ಕಂಟ್ರೋಲ್ ರೂಮಿಗೆ ಸೇರಿಕೊಳ್ಳುತ್ತಿವೆ. ಅಲ್ಲಿನ ಕಂಪ್ಯೂಟರ್ "ಇನ್ನು ಹತ್ತು ಸೆಕೆಂಡು ಹಸಿರು ಇರಲಿ" ಅಂದರೆ ಚೌಕದ ದೀಪ ಕೇಳುತ್ತದೆ. ಕೇಳಲಿಕ್ಕೆ ಚಂದ. ಆದರೆ ನೆಟ್‌ವರ್ಕ್ ಅಂದಮೇಲೆ ಅದು ಒಂದಲ್ಲ ಒಂದು ದಿನ ಹೋಗೇ ಹೋಗ್ತದ. ಮನೆಯ ಫೋನಿಗೆ ನೆಟ್‌ವರ್ಕ್ ಹೋದರೆ ಅಂಗಳಕ್ಕೆ ಬಂದು ನಿಲ್ಲುತ್ತೇವೆ, ಮಾಳಿಗೆ ಹತ್ತುತ್ತೇವೆ. ನಾಲ್ಕು ದಾರಿ ಕೂಡುವಲ್ಲಿ ನಿಂತ ಕಂಬ ಏನು ಮಾಡಬೇಕು? ಅದರ ಕೆಳಗೆ ಆ ಹೊತ್ತಿಗೂ ಜನ ಓಡಾಡುತ್ತಲೇ ಇರುತ್ತಾರಲ್ಲ.

ಒಂಟಿ ಸಿಗ್ನಲ್, ಜೋಡಿ ಸಿಗ್ನಲ್

ಮೊದಲು ಸಿಗ್ನಲ್ ಒಳಗೆ ಏನಿರುತ್ತದೆ ನೋಡೋಣ. ಕಂಬದ ಹತ್ತಿರ ಒಂದು ಕಬ್ಬಿಣದ ಪೆಟ್ಟಿಗೆ ನೋಡಿರಬಹುದು. ಅದರೊಳಗಿರುವುದೇ ಕಂಟ್ರೋಲರ್. ಯಾವ ದಾರಿಗೆ ಯಾವಾಗ ಹಸಿರು, ಎಷ್ಟು ಹೊತ್ತು ಅನ್ನುವುದನ್ನು ನಡೆಸುವುದು ಅದು. ಎಲ್ಲ ದಾರಿಗಳಿಗೂ ಒಂದೊಂದು ಸಲ ಹಸಿರು ಸಿಕ್ಕು ಮತ್ತೆ ಮೊದಲನೆಯದಕ್ಕೆ ಬಂದರೆ ಒಂದು ಸುತ್ತು ಮುಗಿಯಿತು. ಸುತ್ತು ಅರುವತ್ತು ಸೆಕೆಂಡಿನದಿರಬಹುದು, ನೂರಾ ಇಪ್ಪತ್ತರದ್ದೂ ಇರಬಹುದು.

ನಮ್ಮ ಮಠದ ದಾಸೋಹ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಪಂಕ್ತಿ ಕೂತಾಗ ಮುಂದಿನ ಪಂಕ್ತಿಯವರು ಬಾಗಿಲಲ್ಲಿ ಕಾಯಬೇಕು. ಕೂತವರು ಎದ್ದ ತಕ್ಷಣ ಬಿಟ್ಟರೆ ನೂಕಾಟ, ಎಂಜಲೆಲೆ ತೆಗೆದು ನೆಲ ಒರೆಸಿ ಬಿಟ್ಟರೆ ಶಿಸ್ತು. ಸಿಗ್ನಲ್ಲಿನಲ್ಲಿ ಒಂದು ಹಸಿರಿಗೂ ಮತ್ತೊಂದು ಹಸಿರಿಗೂ ನಡುವೆ ಹಳದಿ, ಆಮೇಲೆ ಒಂದೆರಡು ಸೆಕೆಂಡು ಎಲ್ಲ ಕಡೆಗೂ ಕೆಂಪು ಇರುವುದು ಈ ನೆಲ ಒರೆಸುವ ಹೊತ್ತಿಗಾಗಿಯೇ.

ಒಂಟಿ ಸಿಗ್ನಲ್ಲಿಗೆ ಇಷ್ಟು ಸಾಕು. ಒಂದೇ ರಸ್ತೆಯಲ್ಲಿ ಸಾಲಾಗಿ ನಾಲ್ಕೈದು ಸಿಗ್ನಲ್ ಇದ್ದಾಗ ಹೊಸ ತಲೆನೋವು. ಒಂದರಲ್ಲಿ ಹಸಿರು ಸಿಕ್ಕವನಿಗೆ ಮುಂದಿನದರಲ್ಲಿ ಕೆಂಪು ಸಿಕ್ಕರೆ ಏನು ಉಪಯೋಗ? ಅದಕ್ಕೆ ಲೆಕ್ಕ ಹಾಕುತ್ತಾರೆ. ಎರಡು ಸಿಗ್ನಲ್‌ಗಳ ನಡುವೆ ಅರ್ಧ ಕಿಲೋಮೀಟರ್ ಇದೆ, ವಾಹನಗಳು ತಾಸಿಗೆ 36 ಕಿ.ಮೀ. ವೇಗದಲ್ಲಿ ಬರುತ್ತವೆ ಅನ್ನೋಣ. ಅಂದರೆ ಸೆಕೆಂಡಿಗೆ ಹತ್ತು ಮೀಟರ್. ಐನೂರು ಮೀಟರಿಗೆ ಐವತ್ತು ಸೆಕೆಂಡು. ಮೊದಲನೆಯದು ಹಸಿರಾಗಿ ಸರಿಯಾಗಿ ಐವತ್ತು ಸೆಕೆಂಡಿಗೆ ಎರಡನೆಯದು ಹಸಿರಾದರೆ ಬಂದ ಗುಂಪು ನಿಲ್ಲದೆ ದಾಟುತ್ತದೆ. ಇದನ್ನೇ ಹಸಿರು ಅಲೆ ಅನ್ನುತ್ತಾರೆ. ಇದಕ್ಕೆ ಎರಡೂ ಸಿಗ್ನಲ್‌ಗಳ ನಡುವೆ ಹೊಂದಾಣಿಕೆ ಬೇಕು, ಆ ಹೊಂದಾಣಿಕೆಗೆ ಸಂಪರ್ಕ ಬೇಕು.

ಕೆನಡಾದ ಟೊರಾಂಟೊ ನಗರ 1963ರಲ್ಲಿಯೇ ಸಿಗ್ನಲ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿತು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸ್ಕ್ಯಾಟ್ಸ್ ಅನ್ನುವ ವ್ಯವಸ್ಥೆ ಹುಟ್ಟಿತು, ಬ್ರಿಟನ್ನಿನಲ್ಲಿ ಸ್ಕೂಟ್ ಅನ್ನುವುದು ಬಂತು. ಇವು ಬರೀ ಗಡಿಯಾರ ನೋಡಿ ದೀಪ ಬದಲಿಸುವುದಿಲ್ಲ. ರಸ್ತೆಯಲ್ಲಿ ಎಷ್ಟು ವಾಹನ ಇವೆ ಅಂತ ಎಣಿಸಿ ಅದಕ್ಕೆ ತಕ್ಕಂತೆ ಹಸಿರಿನ ಹೊತ್ತನ್ನು ಹಿಗ್ಗಿಸಿ ಕುಗ್ಗಿಸುತ್ತವೆ.

ನಮ್ಮ ದೇಶದ ರಸ್ತೆಯ ಮಾತೇ ಬೇರೆ. ಇಲ್ಲಿ ಲೇನ್ ಅನ್ನುವುದು ಬಣ್ಣದ ಗೆರೆ ಮಾತ್ರ. ಆಟೋ, ಬೈಕು, ಬಸ್ಸು, ಟ್ರ್ಯಾಕ್ಟರ್ ಎಲ್ಲ ಸಿಕ್ಕ ಸಂದಿಯಲ್ಲಿ ನುಗ್ಗುತ್ತವೆ. ಇಂಥ ಸಂಚಾರಕ್ಕೆ ಹೊಂದುವಂತೆ ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ಕೋಸಿಕಾಸ್ಟ್ ಎಂಬ ತಂತ್ರಾಂಶ ಬೆಳೆಸಿತು. 2024ರಲ್ಲಿ ಬೆಂಗಳೂರು ಸಂಚಾರ ಪೊಲೀಸರು ಬಿಎಟಿಸಿಎಸ್ ಎಂಬ ಯೋಜನೆಯಲ್ಲಿ 165 ಜಂಕ್ಷನ್‌ಗಳ ಗುರಿ ಇಟ್ಟುಕೊಂಡು ಇದನ್ನೇ ಅಳವಡಿಸಲು ಶುರು ಮಾಡಿದರು. ಕ್ಯಾಮೆರಾ ವಾಹನಗಳನ್ನು ಗುರುತಿಸುತ್ತದೆ, ಅದಕ್ಕೆ ತಕ್ಕಂತೆ ಹಸಿರು ಬದಲಾಗುತ್ತದೆ. ಇದರಲ್ಲಿ ಮೂರು ವಿಧಾನಗಳಿವೆ. ಒಂದು, ಅಕ್ಕಪಕ್ಕದ ಜಂಕ್ಷನ್‌ಗಳೆಲ್ಲ ಸೇರಿ ಹೊಂದಾಣಿಕೆಯಲ್ಲಿ ನಡೆಯುವುದು. ಎರಡು, ಒಂಟಿ ಜಂಕ್ಷನ್ ತನ್ನ ಮುಂದಿನ ವಾಹನ ನೋಡಿಕೊಂಡು ತಾನೇ ನಡೆಯುವುದು. ಮೂರು, ಪೊಲೀಸರು ಕೈಯಿಂದ ನಡೆಸುವುದು. ಈ ಮೂರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ದಿನ ಕಾಡಿದ ಮೌನ

ಸಂಪರ್ಕ ಯಾಕೆ ಹೋಗುತ್ತದೆ ಅಂತ ಕೇಳಿದರೆ ಯಾವ ಊರಿನವರಾದರೂ ಹೇಳುತ್ತಾರೆ. ನೀರಿನ ಪೈಪಿಗೆ ಅಂತ ರಸ್ತೆ ಅಗೆದಾಗ ಜೆಸಿಬಿ ಹಲ್ಲಿಗೆ ಕೇಬಲ್ ಸಿಕ್ಕಿತು. ಸಿಮ್ ಹಾಕಿದ ಮೋಡೆಮ್ ಇದ್ದರೆ ಜಾತ್ರೆ, ಮೆರವಣಿಗೆ ದಿನ ಟವರ್ ಮೇಲೆ ಭಾರ ಬಿದ್ದು ನೆಟ್‌ವರ್ಕ್ ತೆವಳಿತು. ದೀಪಕ್ಕೆ ಬ್ಯಾಟರಿ ಇದೆ, ಆದರೆ ಮೋಡೆಮ್ಮಿಗೆ ಬ್ಯಾಟರಿ ಕೊಟ್ಟಿಲ್ಲ. ಕರೆಂಟು ಹೋದಾಗ ದೀಪ ಉರಿಯಿತು, ಮಾತು ನಿಂತಿತು. ಕೆಲವೊಮ್ಮೆ ಜಂಕ್ಷನ್‌ಗಳೆಲ್ಲ ಚೆನ್ನಾಗಿಯೇ ಇದ್ದು ಕಂಟ್ರೋಲ್ ರೂಮಿನ ಕಂಪ್ಯೂಟರೇ ಮಲಗುತ್ತದೆ.

ಈ ಕೊನೆಯದಕ್ಕೆ ಒಂದು ಹೆಸರಾದ ಉದಾಹರಣೆ ಅಮೆರಿಕದ್ದು. ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯಲ್ಲಿ 2009ರ ನವೆಂಬರ್ 4ರಂದು ಸಿಗ್ನಲ್ ನಡೆಸುವ ಹಳೆಯ ಕೇಂದ್ರ ಕಂಪ್ಯೂಟರ್ ಕೆಟ್ಟಿತು. ಅದರ ಕೈಕೆಳಗೆ ಸುಮಾರು 750 ಸಿಗ್ನಲ್‌ಗಳಿದ್ದವು. ಒಂದು ದೀಪವೂ ಆರಲಿಲ್ಲ, ಎಲ್ಲವೂ ಕೆಂಪು-ಹಸಿರು ತೋರಿಸುತ್ತಲೇ ಇದ್ದವು. ಆದರೆ "ಈಗ ಕೆಲಸಕ್ಕೆ ಹೋಗುವ ಹೊತ್ತು, ದೊಡ್ಡ ರಸ್ತೆಗೆ ಹಸಿರು ಹೆಚ್ಚು ಕೊಡು" ಅಂತ ಹೇಳುವವರೇ ಇರಲಿಲ್ಲ. ದಟ್ಟಣೆಯ ಹೊತ್ತಿನ ವೇಳಾಪಟ್ಟಿಗೆ ಅವು ಬದಲಾಗಲಿಲ್ಲ, ಒಂದಕ್ಕೊಂದು ಹೊಂದಾಣಿಕೆಯೂ ಇರಲಿಲ್ಲ. ಎರಡು ದಿನ ಜನ ರಸ್ತೆಯಲ್ಲೇ ಕೂತರು.

ಇದರಲ್ಲಿ ಎರಡು ಪಾಠ ಇವೆ. ಕೇಂದ್ರ ಸತ್ತರೂ ದೀಪಗಳು ಬದುಕಿದ್ದವು, ಅಡ್ಡಾದಿಡ್ಡಿ ಹಸಿರು ತೋರಿಸಲಿಲ್ಲ. ಅದು ಒಳ್ಳೆಯ ಪಾಠ. ಹೊತ್ತು ನೋಡಿಕೊಂಡು ತಮ್ಮಷ್ಟಕ್ಕೆ ಬದಲಾಗುವ ಬುದ್ಧಿ ಅವುಗಳ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದು ಕೆಟ್ಟ ಪಾಠ. ನನ್ನ ಮಾತು ಇಷ್ಟೇ: ಕೇಂದ್ರ ಹೇಳಿದ್ದನ್ನು ಕೇಳುವ ಸಿಗ್ನಲ್ ಮಾಡುವುದು ಸುಲಭ. ಕೇಂದ್ರ ಸುಮ್ಮನಾದಾಗ ಏನು ಮಾಡಬೇಕು ಅಂತ ತಿಳಿದಿರುವ ಸಿಗ್ನಲ್ಲೇ ಜಾಣ ಸಿಗ್ನಲ್.

ಜೀವದ ಲೆಕ್ಕ ಪೆಟ್ಟಿಗೆಯೊಳಗೇ ಇರಬೇಕು

ಮೊದಲ ನಿಯಮ, ಯಾರ ಜೀವಕ್ಕೂ ಸಂಬಂಧಿಸಿದ ತೀರ್ಮಾನ ತಂತಿಯ ಮೇಲೆ ಹೋಗಬಾರದು. ಎದುರಾಬದುರಾ ಡಿಕ್ಕಿಯಾಗುವಂಥ ಎರಡು ದಾರಿಗೆ ಒಂದೇ ಸಲ ಹಸಿರು ಬರಬಾರದು ಅನ್ನುವುದನ್ನು ಪೆಟ್ಟಿಗೆಯೊಳಗಿನ ಒಂದು ಬೇರೆಯೇ ಕಾವಲು ಸರ್ಕಿಟ್ ನೋಡಿಕೊಳ್ಳುತ್ತದೆ. ಅದು ಕೇಂದ್ರದ ಮಾತನ್ನೂ ಕೇಳುವುದಿಲ್ಲ, ಕಂಟ್ರೋಲರಿನ ಮಾತನ್ನೂ ಕೇಳುವುದಿಲ್ಲ. ದೀಪಕ್ಕೆ ಹೋಗುವ ಕರೆಂಟನ್ನೇ ನೋಡುತ್ತಿರುತ್ತದೆ. ತಪ್ಪು ಕಂಡರೆ ಎಲ್ಲವನ್ನೂ ಬಿಡಿಸಿ ದೀಪಗಳನ್ನು ಮಿನುಗುವ ಸ್ಥಿತಿಗೆ ತಳ್ಳುತ್ತದೆ.

ಹಾಗೆಯೇ ಪಾದಚಾರಿಯ ಹೊತ್ತು. ಮನುಷ್ಯ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಲೆಕ್ಕ ಹಿಡಿಯುತ್ತಾರೆ. ಹನ್ನೆರಡು ಮೀಟರ್ ಅಗಲದ ರಸ್ತೆಗೆ ಹತ್ತು ಸೆಕೆಂಡು ಬೇಕು. ಮೊಣಕಾಲು ನೋವಿನ ನಮ್ಮಂಥವರಿಗೆ ಇನ್ನೂ ನಾಲ್ಕು ಹೆಚ್ಚು ಬೇಕು. "ವಾಹನ ಬಹಳ ಇದಾವ, ನಡೆಯೋರ ಹೊತ್ತು ಕಡಿಮೆ ಮಾಡು" ಅಂತ ಕೇಂದ್ರ ಕೇಳಿದರೂ ಪೆಟ್ಟಿಗೆ ಒಂದು ಮಿತಿಯ ಕೆಳಗೆ ಇಳಿಯಬಾರದು.

ಇದಕ್ಕೆ ನಮ್ಮ ಭಾಗದ ಲೆಕ್ಕವೊಂದನ್ನು ಸೇರಿಸುತ್ತೇನೆ. ಕಬ್ಬು ಹೇರಿದ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಅಂದಾಜು ಹದಿನೈದು ಮೀಟರ್ ಉದ್ದ ಅನ್ನಿ. ತಾಸಿಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಇಪ್ಪತ್ತೈದು ಮೀಟರಿನ ಚೌಕ ದಾಟಬೇಕು. ಅದರ ಬಾಲ ಆಚೆ ತಲುಪಲು ಒಟ್ಟು ನಲವತ್ತು ಮೀಟರ್ ಸಾಗಬೇಕು, ಅಂದರೆ ಹತ್ತು ಸೆಕೆಂಡಿನ ಹತ್ತಿರ. ಹಳದಿ ಮೂರು ಸೆಕೆಂಡು, ಎಲ್ಲ ಕೆಂಪು ಎರಡು ಸೆಕೆಂಡು ಇಟ್ಟರೆ ಹಸಿರಿನ ಕೊನೆಗೆ ಹೊಕ್ಕ ಟ್ರ್ಯಾಕ್ಟರ್ ಚೌಕದ ನಡುವೆ ಇರುವಾಗಲೇ ಅಡ್ಡ ದಾರಿಗೆ ಹಸಿರು ಬಿದ್ದಿರುತ್ತದೆ. ಕ್ಯಾಮೆರಾ ನೋಡಿ ಕೇಂದ್ರ ಹೊತ್ತು ಕೂಡಿಸುತ್ತದೆ ಅಂತ ನಂಬಿ ಕೂತರೆ, ನೆಟ್‌ವರ್ಕ್ ಇಲ್ಲದ ದಿನ ಏನು ಗತಿ? ಕಬ್ಬಿನ ಗಾಡಿ ಓಡಾಡುವ ಊರಿನ ಸಿಗ್ನಲ್ ಪೆಟ್ಟಿಗೆಯಲ್ಲಿ ಹಂಗಾಮಿನ ತಿಂಗಳುಗಳಿಗೆ ಬೇರೆಯೇ ಲೆಕ್ಕ ಬರೆದಿಟ್ಟಿರಬೇಕು.

ಮೆಟ್ಟಿಲಿಳಿದಂತೆ ಇಳಿಯಬೇಕು

ಎರಡನೆಯ ನಿಯಮ, ಸಂಪರ್ಕ ಹೋದಾಗ ಮಾಳಿಗೆಯಿಂದ ಧುಮುಕಬಾರದು, ಮೆಟ್ಟಿಲಿಳಿಯಬೇಕು.

ಮೇಲಿನ ಮೆಟ್ಟಿಲು, ಕೇಂದ್ರದ ಹೊಂದಾಣಿಕೆ. ಅದು ಹೋದರೆ ಎರಡನೆಯ ಮೆಟ್ಟಿಲು, ಪೆಟ್ಟಿಗೆಯಲ್ಲೇ ಬರೆದಿಟ್ಟ ವೇಳಾಪಟ್ಟಿ. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು, ಸಂತೆಯ ದಿನಕ್ಕೊಂದು. ಪಕ್ಕದ ಸಿಗ್ನಲ್ಲಿನಲ್ಲೂ ಅದೇ ಪಟ್ಟಿ, ಅದೇ ಹೊತ್ತು ಇದ್ದರೆ ಮಾತಿಲ್ಲದೆಯೂ ಹಸಿರು ಅಲೆ ನಡೆಯುತ್ತದೆ. ಮೂರನೆಯ ಮೆಟ್ಟಿಲು, ನೆರೆಯವರನ್ನು ಮರೆತು ತನ್ನ ಮುಂದಿನ ವಾಹನ ನೋಡಿ ನಡೆಯುವುದು. ಬೆಂಗಳೂರಿನ ವ್ಯವಸ್ಥೆಯಲ್ಲಿ ಹೇಳಿದ ಎರಡನೆಯ ವಿಧಾನ ಇಂಥದ್ದೇ. ನಾಲ್ಕನೆಯದು, ಸೆನ್ಸರ್ ಕೂಡ ಕೆಟ್ಟರೆ ಕಟ್ಟಿಟ್ಟ ಹೊತ್ತಿನಂತೆ ನಡೆಯುವುದು. ಐದನೆಯದು ಮಿನುಗುವ ದೀಪ. ಕೊನೆಯದು ಕತ್ತಲೆ. ಪೊಲೀಸರ ಕೈಯಾಟ ಯಾವ ಮೆಟ್ಟಿಲಿನಲ್ಲಾದರೂ ಬರಬಹುದು.

ರೈಲ್ವೆಯವರಿಗೆ ಈ ಬುದ್ಧಿ ಹಳೆಯದು. ನಮ್ಮ ಘಟಪ್ರಭಾ ಸ್ಟೇಷನ್ ಮೇಲೆ ಹಾಯುವ ಗಾಡಿಗಳನ್ನೇ ನೋಡಿ. ಪಕ್ಕದ ಸ್ಟೇಷನ್ನಿನ ಜೊತೆ ಎಲ್ಲ ಬಗೆಯ ಮಾತೂ ನಿಂತರೆ ಏನು ಮಾಡಬೇಕು ಅಂತ ರೈಲ್ವೆಯ ನಿಯಮ ಪುಸ್ತಕದಲ್ಲೇ ಬರೆದಿದೆ. ಬರಹದಲ್ಲಿ ಅನುಮತಿ, ಕಡಿಮೆ ವೇಗ, ಎರಡು ಗಾಡಿಗಳ ನಡುವೆ ಅಂತರ. ಗಾಡಿಗಳು ತಡವಾಗುತ್ತವೆ, ಆದರೆ ಒಂದರ ಮೇಲೊಂದು ಹೋಗುವುದಿಲ್ಲ. ಸಂಪರ್ಕ ಹೋದ ದಿನ ಚುರುಕುತನ ಕಳಕೊಳ್ಳಬಹುದು, ಸುರಕ್ಷತೆ ಕಳಕೊಳ್ಳಬಾರದು.

ಎರಡನೆಯ ಮೆಟ್ಟಿಲಿನಲ್ಲಿ ಒಂದು ಹುಳ ಇದೆ. ಅದು ಗಡಿಯಾರ. ಪೆಟ್ಟಿಗೆಯ ಗಡಿಯಾರ ದಿನಕ್ಕೆ ಒಂದೇ ಸೆಕೆಂಡು ಮುಂದೆ ಓಡುತ್ತದೆ ಅನ್ನಿ. ಕೈಗಡಿಯಾರಕ್ಕಾದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಐವತ್ತು ದಿನಕ್ಕೆ ಐವತ್ತು ಸೆಕೆಂಡಾಯಿತು. ನೂರು ಸೆಕೆಂಡಿನ ಸುತ್ತಿನಲ್ಲಿ ಅದು ಸರಿಯಾಗಿ ಅರ್ಧ. ಹಸಿರು ಅಲೆ ಅಂತ ಕಟ್ಟಿದ್ದು ಕೆಂಪು ಅಲೆಯಾಗಿ ಹೋಗುತ್ತದೆ. ಪ್ರತಿ ಚೌಕದಲ್ಲೂ ನೀವು ಬರುವುದಕ್ಕೇ ಕಾದು ಕೂತಂತೆ ಕೆಂಪು ಬೀಳುತ್ತದೆ. ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಪೆಟ್ಟಿಗೆಯ ಮೇಲೆ ಒಂದು ಜಿಪಿಎಸ್ ಆಂಟೆನಾ ಇಟ್ಟರೆ ಉಪಗ್ರಹದಿಂದ ಹೊತ್ತು ಸಿಗುತ್ತದೆ. ಆಗ ಊರಿನ ಕೇಬಲ್ಲೆಲ್ಲ ಹರಿದರೂ ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತವೆ.

ಸಿಡ್ನಿಯವರ ಸ್ಕ್ಯಾಟ್ಸ್ ವ್ಯವಸ್ಥೆಯಲ್ಲಿ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಒಂದು ಮುಖ್ಯ ಜಂಕ್ಷನ್ನಿನ ಸಂಪರ್ಕ ಹೋದರೆ, ಅದರ ಜೊತೆ ಕೂಡಿಸಿದ ಅಕ್ಕಪಕ್ಕದ ಸಿಗ್ನಲ್‌ಗಳನ್ನೂ ಕೇಂದ್ರದಿಂದ ಬಿಡಿಸಿ ವೇಳಾಪಟ್ಟಿಗೆ ಇಳಿಸುವಂತೆ ಅಲ್ಲಿ ಹೇಳಿಡಬಹುದು. ಅವುಗಳ ಸಂಪರ್ಕ ಚೆನ್ನಾಗಿದ್ದರೂ! ಯಾಕೆ? ಒಂದು ಹಳೆಯ ಪಟ್ಟಿಯಂತೆ, ಮಗ್ಗುಲಿನದು ಹೊಸ ಲೆಕ್ಕದಂತೆ ನಡೆದರೆ ಇಬ್ಬರ ತಾಳವೂ ತಪ್ಪುತ್ತದೆ. ಒಕ್ಕಲುತನದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದನ್ನೂ ನಿಧಾನ ಮಾಡಬೇಕು. ಇಲ್ಲಾಂದ್ರ ನೊಗ ಓರೆಯಾಗಿ ಎರಡೂ ಬೀಳ್ತಾವ.

ಎಷ್ಟು ಹೊತ್ತು ಕಾಯಬೇಕು?

ಸಂಪರ್ಕ ಹೋಯಿತು ಅಂತ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಎಲೆಕ್ಟ್ರಾನಿಕ್ಸ್ ಓದುವ ನಮ್ಮ ಮಗ್ಗುಲ ಮನೆಯ ಹುಡುಗನ ಜೊತೆ ಇದೇ ಮಾತು ಬಂದಿತ್ತು.

"ಕೇಂದ್ರದಿಂದ ಸೆಕೆಂಡಿಗೊಮ್ಮೆ 'ನಾ ಅದೀನಿ' ಅಂತ ಸುದ್ದಿ ಬರ್ತಿರ್ತೈತ್ರಿ ಕಾಕು. ಅದು ಬರಲಿಲ್ಲಾಂದ್ರ ಹೋತು ಅಂತ ಲೆಕ್ಕ," ಅಂದ.

"ಒಂದು ಸಲ ತಪ್ಪಿದ್ರ ಹೋತು ಅಂತ ತಿಳೀಬೇಕೇನು? ನಿಮ್ಮವ್ವ ಒಂದು ಸಲ ಫೋನ್ ಎತ್ತಲಿಲ್ಲಾಂದ್ರ ನೀ ಊರಿಗೆ ಓಡಿ ಬರ್ತೀಯೇನಪಾ?"

ನಕ್ಕ. "ಇಲ್ರಿ. ಒಂದಕ್ಕ ಇಳಿದ್ರ ಇಳಿಯೂದು ಹತ್ತೂದು ಅದ ಆಕ್ಕೈತ್ರಿ. ಅರ್ಧ ನಿಮಿಷಕ್ಕೊಮ್ಮೆ ಪಟ್ಟಿ ಬದಲಾದ್ರ ರಸ್ತೆದಾಗ ಇದ್ದೋರಿಗೆ ತಲಿ ಕೆಡತೈತಿ. ಅದಕ್ಕ ಒಂದಿಷ್ಟು ಸಲ ತಪ್ಪಿದ ಮ್ಯಾಲೆ ಇಳೀಬೇಕು. ಮತ್ತ ಹತ್ತೂ ಮುಂದ ಇನ್ನೂ ಜಾಸ್ತಿ ಹೊತ್ತು ಕಾದು, ಸಂಪರ್ಕ ಖರೇನ ಗಟ್ಟಿ ಐತಿ ಅಂತ ನೋಡಿ ಹತ್ತಬೇಕ್ರಿ."

ಅವನ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ಇಳಿಯುವುದಕ್ಕೆ ಸ್ವಲ್ಪ ತಾಳ್ಮೆ, ಹತ್ತುವುದಕ್ಕೆ ಹೆಚ್ಚು ತಾಳ್ಮೆ. ಮುರಿದ ನೆಂಟಸ್ತನ ಕೂಡಿಸುವಾಗ ಹಿರಿಯರು ಮಾಡುವುದೂ ಇದನ್ನೇ ಅಲ್ಲವೇ?

ಇಳಿಯುವ ಮೊದಲಿನ ಆ ಕೆಲವು ಸೆಕೆಂಡು ಪೆಟ್ಟಿಗೆ ಏನು ಮಾಡಬೇಕು? ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದು ನಡೆಯಬಹುದು, ಆದರೆ ಒಂದು ಮುದ್ದತಿನವರೆಗೆ ಮಾತ್ರ. ಇಲ್ಲಿ ನಮ್ಮ ಕಡೆಯವರಿಗೆ ತಟ್ಟುವ ಮಾತಿದೆ. ಹುಕ್ಕೇರಿ, ಸಂಕೇಶ್ವರ ಕಡೆಯಿಂದ ರೋಗಿಯನ್ನು ಬೆಳಗಾವಿಗೆ ಒಯ್ಯುವ ಅಂಬ್ಯುಲೆನ್ಸ್ ಹೈವೇಯಲ್ಲಿ ಗಳಿಸಿದ ಹೊತ್ತನ್ನು ಊರೊಳಗಿನ ಚೌಕಗಳಲ್ಲಿ ಕಳೆಯುತ್ತದೆ. ಅದಕ್ಕಾಗಿ ಮುಂದಿನ ಸಿಗ್ನಲ್‌ಗಳಿಗೆ "ಹಸಿರು ಹಿಡಿ" ಅಂತ ಆಜ್ಞೆ ಕಳಿಸುವ ಏರ್ಪಾಡು ಹಲವು ನಗರಗಳಲ್ಲಿ ಇದೆ. ಆಜ್ಞೆ ಹೋಯಿತು, ಹಸಿರು ಬಂತು, ಅಂಬ್ಯುಲೆನ್ಸ್ ದಾಟಿತು. "ಇನ್ನು ಬಿಡು" ಅನ್ನುವ ಎರಡನೆಯ ಮಾತು ತಲುಪುವ ಮೊದಲೇ ನೆಟ್‌ವರ್ಕ್ ಹೋಯಿತು ಅನ್ನಿ. ಆ ದಾರಿಗೆ ಹಸಿರು ಹಾಗೇ ಅಂಟಿಕೊಂಡು ಕೂತರೆ? ಅಡ್ಡ ದಾರಿಯವರು ಕಾದು ಬೇಸತ್ತು ಕೆಂಪಿನಲ್ಲೇ ನುಗ್ಗುತ್ತಾರೆ. ಅಲ್ಲಿ ಇನ್ನೊಂದು ಅಂಬ್ಯುಲೆನ್ಸ್ ಸಿಕ್ಕಿಬಿದ್ದಿರಬಹುದು. ಅದಕ್ಕೇ ಕೇಂದ್ರದಿಂದ ಬರುವ ಪ್ರತಿ ಆಜ್ಞೆಗೂ ಮುದ್ದತು ಬೇಕು: "ಹಸಿರು ಹಿಡಿ, ಆದರೆ ನಲವತ್ತು ಸೆಕೆಂಡು ಮಾತ್ರ. ಮತ್ತೆ ಹೇಳದಿದ್ದರೆ ನೀನೇ ಬಿಡು."

ಕಣ್ಣಿನ ವಿಷಯವೂ ಹೀಗೆಯೇ. ಕ್ಯಾಮೆರಾದ ಲೆಕ್ಕ ತಂತಿಯ ಮೇಲೆ ಕೇಂದ್ರಕ್ಕೆ ಹೋಗುತ್ತಿರುತ್ತದೆ. ತಂತಿ ಹೋದಾಗ ಕೇಂದ್ರದಲ್ಲಿ ಕೊನೆಯ ಅಂಕಿ ಉಳಿದಿರುತ್ತದೆ, "ಉತ್ತರದ ದಾರಿಯಲ್ಲಿ ನಲವತ್ತು ವಾಹನ" ಅಂತ. ಆ ವಾಹನಗಳು ಹೋಗಿ ಅರ್ಧ ತಾಸಾದರೂ ಅದನ್ನೇ ನಂಬಿದರೆ ಇಲ್ಲದ ಸಾಲಿಗೆ ಪಕ್ಕದ ಸಿಗ್ನಲ್‌ಗಳೂ ಹಸಿರು ಸುರಿಯುತ್ತವೆ. ಸೊನ್ನೆ ಅಂತ ತಿಳಿದರೂ ತಪ್ಪು. ಸುದ್ದಿ ಬರಲಿಲ್ಲ ಅಂದರೆ ವಾಹನ ಇಲ್ಲ ಅಂತ ಅರ್ಥವಲ್ಲ. ಇಂಥ ಹೊತ್ತಿನಲ್ಲಿ ಹಿಂದಿನ ವಾರಗಳ ಇದೇ ದಿನ, ಇದೇ ಹೊತ್ತಿನ ಸರಾಸರಿ ಹಿಡಿಯುವುದು ವಾಸಿ. ಮನೆಗೆ ಎಷ್ಟು ಮಂದಿ ಊಟಕ್ಕೆ ಬರುತ್ತಾರೆ ಅಂತ ಫೋನ್ ಬರದಿದ್ದರೆ ನಾವು ಒಲೆ ಆರಿಸಿ ಕೂರುವುದಿಲ್ಲ, ನಿನ್ನೆಯ ಮದುವೆ ಅಡುಗೆಯ ಅಳತೆಯನ್ನೂ ಹಿಡಿಯುವುದಿಲ್ಲ. ದಿನದ ರೂಢಿಯಂತೆ ರೊಟ್ಟಿ ಬಡಿಯುತ್ತೇವೆ.

ಸಂಪರ್ಕ ಮರಳಿ ಬಂದಾಗಲೂ ಅವಸರ ಬೇಡ. ಕೇಂದ್ರದ ಲೆಕ್ಕಕ್ಕೂ ಪೆಟ್ಟಿಗೆಯ ಲೆಕ್ಕಕ್ಕೂ ಮೂವತ್ತು ಸೆಕೆಂಡಿನ ವ್ಯತ್ಯಾಸ ಬಿದ್ದಿದ್ದರೆ ಒಮ್ಮೆಲೇ ಜಿಗಿಯಬಾರದು. ನಡುವೆ ನಿಂತವರ ಹಸಿರು ಕತ್ತರಿಸಿ ಹೋಗುತ್ತದೆ. ಮೂರು ಸುತ್ತಿಗೆ ಹತ್ತು ಹತ್ತು ಸೆಕೆಂಡು ಹಂಚಿದರೆ ರಸ್ತೆಯಲ್ಲಿದ್ದವರಿಗೆ ಗೊತ್ತಾಗದಂತೆ ತಾಳ ಕೂಡುತ್ತದೆ.

ನಾವು ಕೇಳಬೇಕಾದ ಮಾತು

ಇದೆಲ್ಲ ಇಂಜಿನಿಯರುಗಳ ಕೆಲಸ, ನಮಗ್ಯಾಕ ಅಂತೀರಾ? ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆಯ ಜೊತೆ ಬಂದ ಊರು. ಇಂಥ ವ್ಯವಸ್ಥೆಗಳು ದೊಡ್ಡ ಊರಿಂದ ಸಣ್ಣ ಊರಿಗೆ ಇಳಿಯುತ್ತ ಬರುತ್ತವೆ. ನಾಳೆ ಗೋಕಾಕಕ್ಕೋ ಸಂಕೇಶ್ವರಕ್ಕೋ ಬಂದಾಗ ಉದ್ಘಾಟನೆಯ ದಿನ ಎಲ್ಲರೂ ಕೇಳುವುದು ಕ್ಯಾಮೆರಾ ಎಷ್ಟು, ಪರದೆ ಎಷ್ಟು ದೊಡ್ಡದು ಅಂತ. ನಾಲ್ಕು ಮಾತು ಬೇರೆ ಕೇಳೋಣ.

ತಂತಿ ಹರಿದರೆ ಈ ಸಿಗ್ನಲ್ ಏನು ಮಾಡುತ್ತದೆ? ಪೆಟ್ಟಿಗೆಯಲ್ಲಿ ಬರೆದಿಟ್ಟ ವೇಳಾಪಟ್ಟಿ ಯಾವ ವರ್ಷದ್ದು? ಕೇಂದ್ರ ಸರಿ ಇರುವಷ್ಟು ದಿನ ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ. ಐದು ವರ್ಷದ ಹಿಂದಿನ ಸಂಚಾರಕ್ಕೆ ಬರೆದ ಪಟ್ಟಿ ಬೇಕಾದ ದಿನ ಕೈಕೊಡುತ್ತದೆ. ಮೂರನೆಯದು, ಸಂಪರ್ಕ ಹೋದದ್ದು ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಮೆಟ್ಟಿಲು ಚೆನ್ನಾಗಿ ಕಟ್ಟಿದ್ದರ ಒಂದು ಅಪಾಯ ಇದು: ಸಿಗ್ನಲ್ ಹೇಗೋ ನಡೆಯುತ್ತಿರುತ್ತದೆ, ಹಾಗಾಗಿ ಕೇಬಲ್ ಹರಿದು ತಿಂಗಳಾದರೂ ಯಾರೂ ದುರಸ್ತಿಗೆ ಬರುವುದಿಲ್ಲ. ಪೆಟ್ಟಿಗೆ ಸುಮ್ಮನಾಗಿದೆ ಅನ್ನುವುದೇ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸಬೇಕು. ನಾಲ್ಕನೆಯದು, ಬೇಕಂತಲೇ ಒಂದು ದಿನ ಸಂಪರ್ಕ ತೆಗೆದು ಪರೀಕ್ಷೆ ಮಾಡಿದ್ದಾರೆಯೇ? ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ, ಪೊಲೀಸರು ನಿಂತಿರುವಾಗ ಮಾಡಿ ನೋಡಬೇಕು. ದೀಪಾವಳಿಯ ಹಿಂದಿನ ಸಂಜೆ ಅದು ತಾನೇ ಪರೀಕ್ಷೆ ಕೊಡುವುದಕ್ಕಿಂತ ಇದು ಲೇಸು.

ನಮ್ಮ ಪಾಲಿನ ಕೆಲಸವೂ ಒಂದಿದೆ. ಕೊನೆಯ ಎರಡು ಮೆಟ್ಟಿಲಿಗೆ ಸಿಗ್ನಲ್ ಇಳಿದಾಗ ಚೌಕವನ್ನು ನಡೆಸುವವರು ನಾವೇ. ಹಳದಿ ಮಿನುಗುತ್ತಿದ್ದರೆ ನಿಧಾನ ಮಾಡಿ, ಎರಡೂ ಕಡೆ ನೋಡಿ ಮುಂದೆ ಹೋಗಬೇಕು. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ದಾರಿ ಖಾಲಿ ಇದ್ದರೆ ಹೋಗಬೇಕು. ಪೂರ್ತಿ ಆರಿದ್ದರೆ "ಸಿಗ್ನಲ್ ಇಲ್ಲ, ನಡಿ" ಅಂತ ಗಾಡಿ ಬಿಡುವುದಲ್ಲ. ಎಲ್ಲರಿಗೂ ಕೆಂಪು ಮಿನುಗುತ್ತಿದೆ ಅಂತ ತಿಳಿದು ನಿಂತು ನೋಡಿ ದಾಟುವುದು ಒಳ್ಳೆಯದು. ಪೊಲೀಸರು ಕೈ ತೋರಿಸುತ್ತಿದ್ದರೆ ದೀಪ ಏನೇ ಹೇಳಲಿ, ಅವರ ಕೈಯ ಮಾತೇ ಮಾತು. ಮತ್ತೆ ಒಂದು ಸಿಗ್ನಲ್ ಮೂರು ದಿನದಿಂದ ಮಿನುಗುತ್ತಲೇ ಇದೆ ಅಂದರೆ ಸಂಚಾರ ಠಾಣೆಗೆ ಒಂದು ಫೋನ್ ಮಾಡಿ ಹೇಳಿ. ಆ ಪೆಟ್ಟಿಗೆಗೆ ಹೇಳಲಿಕ್ಕೆ ಬರದಿರಬಹುದು, ನಮಗೆ ಬರ್ತೈತಿ.